ಹಿಂದಿನ ಮೂಲೆಯ ಗೂಟ

ಠಣ್. ಠಣ್. ಠಣ್. ಆಮೇಲೆ ಒಮ್ಮೆ, ಬೇರೆಯದೇ ದನಿಯಲ್ಲಿ, ಧೊಪ್.

ಊರೆಲ್ಲ ‘ಸ್ಪ್ಯಾನರ್’ ಎಂದು ಕರೆಯುವ ಮೆಕ್ಯಾನಿಕ್ ಹುಡುಗಿ ಹಾಸಿಗೆಯಲ್ಲಿ ಎದ್ದು ಕುಳಿತಳು. ಯಾರೋ ತಟ್ಟುತ್ತಿದ್ದರು, ಬಾಗಿಲನ್ನಲ್ಲ, ನೆಲವನ್ನು. ಕಿಟಕಿ ತೆರೆಯುವಷ್ಟರಲ್ಲಿ ಸದ್ದು ನಿಂತುಹೋಯಿತು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ನರಪಿಳ್ಳೆಯೂ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಹಿಂದಿನ ಎಡಮೂಲೆಯ ಬಳಿ ಮೊಣಕಾಲೆತ್ತರದ ಒಂದು ಗೂಟ; ಅದರ ತಲೆಗೆ ಹಸಿರು ಚೌಕಳಿಯ ಬಟ್ಟೆಯ ಚೂರು.

‘ಅಪ್ಪನ ಹೊಸ ವರಸೆ’ ಅಂದುಕೊಂಡು ಅವಳು ಹಲ್ಲು ಕಡಿದಳು.

ಎಂಟು ದಿನಗಳಿಂದ ಆ ಮನೆಯಲ್ಲಿ ಯುದ್ಧ. ಹತ್ತು ವರ್ಷ ಬೇರೆಯವರ ಶೆಡ್ಡುಗಳಲ್ಲಿ ಕಾರುಗಳ ಕೆಳಗೆ ಮಲಗಿ ಕೆಲಸ ಮಾಡಿದ ಮೆಕ್ಯಾನಿಕ್ ಮಗಳು, ಕೊನೆಗೂ ತನ್ನದೇ ಗ್ಯಾರೇಜು ತರಿಸುತ್ತಿದ್ದಳು. ಗೋಡೆ, ಚಾವಣಿ, ಶಟರ್, ಎಲ್ಲವೂ ಕಾರ್ಖಾನೆಯಲ್ಲೇ ತಯಾರಾದ ಉಕ್ಕಿನ ಭಾಗಗಳು. ಇನ್ನು ಇಪ್ಪತ್ತಾರು ದಿನಕ್ಕೆ ಲಾರಿಯಲ್ಲಿ ಬಂದು ಒಂದೇ ದಿನದಲ್ಲಿ ಬೋಲ್ಟಾಗಿ ನಿಲ್ಲುವಂಥವು. ನೆಲವೊಂದು ಮಾತ್ರ ಕೊಂಡವರ ಹೊಣೆ. ನಾಲ್ಕು ಮೂಲೆಗಳ ಮಟ್ಟದಲ್ಲಿ ಬೆರಳಗಲ ವ್ಯತ್ಯಾಸ ಕಂಡರೂ ಸರಕು ಇಳಿಸದೆ ಹಿಂತಿರುಗುತ್ತೇವೆ ಎಂದು ಕಂಪನಿಯ ಪತ್ರ ಖಡಾಖಂಡಿತವಾಗಿ ಹೇಳಿತ್ತು. ಅದಕ್ಕಿಂತ ಮಿಗಿಲಾದ ಭಯ ಇನ್ನೊಂದಿತ್ತು. ಕಾರನ್ನು ಆಳೆತ್ತರಕ್ಕೆ ಎತ್ತುವ ಎರಡು ಕಂಬದ ಲಿಫ್ಟು ಆ ನೆಲಕ್ಕೇ ಬಿಗಿಯಬೇಕು. ನೆಲ ಕುಸಿದರೆ ಮೇಲೆ ಕಾರು, ಕೆಳಗೆ ಅವಳು.

ಅಪ್ಪನಾದರೋ ನಲವತ್ತು ವರ್ಷ ಪಾಯ ಹಾಕಿದ ಮೇಸ್ತ್ರಿ. ಕಣ್ಣಳತೆಯಲ್ಲೇ ಓರೆಕೋರೆ ಹಿಡಿಯುವ ಅವರಿಗೆ ಜನ ಇಟ್ಟ ಹೆಸರು, ಮಟ್ಟ ನೋಡುವ ಉಪಕರಣದ್ದೇ: ರಸಮಟ್ಟ.

"ಮೂರಡಿ ತೋಡಿ ಸುತ್ತಲೂ ಕಲ್ಲು ಕಟ್ಟಬೇಕು. ಪಾಯ ಅಂದ್ರೆ ಪಾಯ."

"ಅಪ್ಪಾ, ಅದು ತಗಡಿನ ಡಬ್ಬ. ನೀವು ಅರಮನೆಗೆ ಪಾಯ ಹಾಕ್ತಿದ್ದೀರಿ. ಜಲ್ಲಿ ಹಾಸಿ ಮೇಲೆ ನಾಲ್ಕಿಂಚು ಕಾಂಕ್ರೀಟು, ಸಾಕು."

"ನಾಲ್ಕಿಂಚಾ! ಅದು ನೆಲ ಅಲ್ಲ ಕಣೇ, ಹೊದಿಕೆ. ಅದರ ಮೇಲೆ ಟೈಲ್ಸಾದ್ರೂ ಹಾಕು. ರಸಮಟ್ಟನ ಮನೆ ನೆಲ ಅಂದ್ರೆ ಮುಖ ಕಾಣಬೇಕು."

"ಆಯಿಲ್ ಚೆಲ್ಲಿದ ದಿನ ಖಂಡಿತ ಕಾಣುತ್ತೆ. ಜಾರಿಬಿದ್ದ ನನ್ನ ಮುಖ, ಅದೇ ಟೈಲ್ಸಿನ ಮೇಲೆ. ಜಾಕ್ ಇಟ್ಟರೆ ಒಂದೂ ಉಳಿಯಲ್ಲ."

"ಅಲ್ಲಾ ರೀ, ಆ ಹಿಂದುಗಡೆ..." ಎಂದು ಅಮ್ಮ ಬಾಯಿ ತೆರೆದಿದ್ದಳು.

"ನಿನಗಿದೆಲ್ಲ ತಿಳಿಯೋದಿಲ್ಲ, ಸುಮ್ಮನಿರು!" ಇಬ್ಬರೂ ಒಟ್ಟಿಗೇ ಅಂದರು. ಎಂಟು ದಿನಗಳಲ್ಲಿ ಅಪ್ಪ ಮಗಳು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಈಗ ಈ ಗೂಟ. ಕಿತ್ತೆಸೆಯಲೆಂದು ಕೈ ಹಾಕಿದರೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬಂತು. ಸ್ಪ್ಯಾನರ್ ಬೆಚ್ಚಿದಳು. ಅಳತೆಯ ದಾರ ಕಟ್ಟಲು ನಿನ್ನೆ ಅವಳೇ ಹೊಡೆದ ಗೂಟಗಳು ಇಪ್ಪತ್ತು ಪೆಟ್ಟಿಗೂ ಇಳಿಯದೆ ಸತಾಯಿಸಿದ್ದವು.

ಹಾರೆ ತಂದಳು. ಜಾಗದ ನಡುವೆ ಕುಟ್ಟಿದಳು: ಠಣ್. ಗೂಟವಿದ್ದಲ್ಲಿ ಕುಟ್ಟಿದಳು: ಧೊಪ್. ರಾತ್ರಿ ಕೇಳಿದ ಅದೇ ಸದ್ದು.

"ಇನ್ನೊಂದ್ಸಲ ಹೊಡಿ," ಎಂದರು ಬೆನ್ನ ಹಿಂದೆ ನಿಂತಿದ್ದ ಅಪ್ಪ. ಅವರ ದನಿಯಲ್ಲಿ ಜಗಳವಿರಲಿಲ್ಲ.

ಇಬ್ಬರೂ ಅಗೆದರು. ಮೊಳದಾಳದವರೆಗೆ ಹೊಸ ಮಣ್ಣು. ಅದರಡಿ ಕಪ್ಪು ಬೂದಿ, ಒಡೆದ ಹೆಂಚು, ಮತ್ತೆ ಬೂದಿ. ಎದೆಮಟ್ಟಕ್ಕೆ ಇಳಿದಾಗ ಹಾರೆಯ ತುದಿಗೆ ಬಿಳಿ ಮೆತ್ತಿಕೊಂಡಿತು. ಅಪ್ಪ ಗುಂಡಿಯ ಅಂಚಿನಲ್ಲೇ ಕುಳಿತರು.

"ಸುಣ್ಣದ ಗುಂಡಿ. ಈ ಮನೆ ಕಟ್ಟುವಾಗ ನಾನೇ ತೋಡಿದ್ದು. ಊರವರ ಪಾಯ ಎಲ್ಲ ನೆನಪಿದೆ, ನನ್ನ ಹಿತ್ತಲಿನ ಗುಂಡಿ ಮರೆತೆ ನೋಡು."

ದಾರ ಹಿಡಿದು ಅಳೆದರು. ಲಿಫ್ಟಿನ ಎಡಗಂಬ ನಿಲ್ಲಬೇಕಿದ್ದ ಸ್ಥಳ ಕರಾರುವಾಕ್ಕಾಗಿ ಅದೇ! ಅಪ್ಪನ ಕಲ್ಲಿನ ಪಾಯ ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತಿತ್ತು. ಮಗಳ ನಾಲ್ಕಿಂಚು ಅದರ ಮೇಲೆಯೇ ನಿಶ್ಚಿಂತೆಯಾಗಿ ಮಲಗುತ್ತಿತ್ತು.

ಆ ಬಳಿಕ ವಾದಗಳು ನಡೆದವು, ಆದರೆ ಒಂದೇ ಕಾಗದದ ಮೇಲೆ. ಗಟ್ಟಿ ಮಣ್ಣು ಸಿಗುವವರೆಗೆ ಬೂದಿ ತೋಡಿ, ಪದರ ಪದರವಾಗಿ ಜಲ್ಲಿ ತುಂಬಿ ದಿಮ್ಮಸಿನಿಂದ ಬಡಿದರು. ಕಲ್ಲಿನ ಪಾಯ ಬೇಡವೆಂದಾಯಿತು. ಬದಲಿಗೆ ಇಡೀ ನೆಲಕ್ಕೆ ಆರಿಂಚಿನ ಒಂದೇ ಹಲಗೆಯಂಥ ಕಾಂಕ್ರೀಟು, ಅಂಚಿನಲ್ಲೂ ಲಿಫ್ಟಿನ ಕಂಬಗಳಡಿಯಲ್ಲೂ ಒಂದಡಿ ದಪ್ಪ, ಒಳಗೆ ಕಬ್ಬಿಣದ ಜಾಲರಿ. ಗೋಡೆ ಕೂರುವ ಅಂಚು ನಿಂತ ನೀರಿನಂತೆ ಸಮ. ಒಳನೆಲಕ್ಕೆ ಮಾತ್ರ, ತೊಳೆದ ನೀರು ಹರಿದುಹೋಗಲೆಂದು, ಶಟರಿನ ಕಡೆಗೆ ಕೂದಲೆಳೆಯಷ್ಟು ಇಳಿಜಾರು. ಟೈಲ್ಸನ್ನು ಅಪ್ಪನೇ ಕೈಬಿಟ್ಟರು. ಆದರೆ ಮರದ ಹಲಗೆಯ ಮೇಲೆ ಮೊಣಕಾಲೂರಿ, ಕಾಂಕ್ರೀಟು ಬಿಗಿಯಾಗುತ್ತಿದ್ದಂತೆ ಮೂರು ಸಲ ಕರಣೆ ಎಳೆದರು. ಬರಿಯ ಸಿಮೆಂಟು ರೇಷ್ಮೆಯಂತಾಯಿತು, ಆದರೆ ಕಾಲು ಜಾರುವಷ್ಟಲ್ಲ. ಮೂರು ವಾರ ಒದ್ದೆ ಗೋಣಿಚೀಲ ಹೊದ್ದು ಮಲಗಿದ ಆ ನೆಲದಲ್ಲಿ ಒಂದೇ ಒಂದು ಬಿರುಕು ಕಾಣಲಿಲ್ಲ.

ಲಾರಿ ಬಂದ ದಿನ ಫಿಟ್ಟರುಗಳ ಮುಖ್ಯಸ್ಥ ಅಳತೆಯ ಯಂತ್ರ ಹಿಡಿದು ನಾಲ್ಕು ಮೂಲೆ ಸುತ್ತಿದ. ನಂಬಿಕೆ ಬಾರದೆ ಮತ್ತೊಮ್ಮೆ ಸುತ್ತಿದ.

"ಯಾರ್ರೀ ಹಾಕಿದ್ದು ಈ ನೆಲ?"

"ನನ್ನ ಮಗಳು," ಎಂದರು ಅಪ್ಪ.

"ನಮ್ಮಪ್ಪ," ಎಂದಳು ಅವಳು, ಅದೇ ಗಳಿಗೆಯಲ್ಲಿ.

"ಯಾರಾದ್ರೂ ಆಗಲಿ. ಮಟ್ಟಕ್ಕೆ ಒಂದು ಚೂರು ತಗಡನ್ನೂ ಅಡಿಗೆ ಕೊಡದೆ ಗ್ಯಾರೇಜು ನಿಲ್ಲಿಸ್ತಿರೋದು ನನ್ನ ಸರ್ವೀಸಿನಲ್ಲಿ ಇದೇ ಮೊದಲು."

ಸಂಜೆಗೆ ಲಿಫ್ಟೂ ನಿಂತಿತು. ಮೊದಲ ಕಾರು ಆಳೆತ್ತರಕ್ಕೆ ಏರಿತು. ಅಪ್ಪ ಎಡಗಂಬದ ಬುಡದ ನೆಲವನ್ನು ಕರಣೆಯ ಹಿಡಿಯಿಂದ ತಟ್ಟಿದರು. ಠಣ್. ಅವರ ಮೀಸೆಯಡಿ ನಗು ಅರಳಿತು. "ಒಪ್ಪಿಕೊಂಡೆ ಮಾರಾಯ್ತಿ. ಆ ಗೂಟ ನೆಟ್ಟೆ ನೋಡು, ಅಲ್ಲಿಗೆ ನೀನು ನನಗಿಂತ ದೊಡ್ಡ ಮೇಸ್ತ್ರಿ."

ಮಗಳ ಕೈಯಲ್ಲಿದ್ದ ಚಿಂದಿಬಟ್ಟೆ ಜಾರಿತು. "ನಾನಾ? ನೆಟ್ಟಿದ್ದು ನೀವಲ್ವಾ ಅಪ್ಪಾ?"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಶಟರಿನಡಿಯಿಂದ ಬಿಸಿ ಚಹಾದ ಪಾತ್ರೆ ಒಳಗೆ ಬಂತು. ಅದನ್ನು ಹಿಡಿದಿದ್ದ ಹಸಿರು ಚೌಕಳಿಯ ಮಸಿಬಟ್ಟೆಗೆ ಒಂದು ಮೂಲೆ ಇರಲಿಲ್ಲ.

"ಏನು ಹಾಗೆ ನೋಡ್ತೀರಿ ಇಬ್ಬರೂ? ಅಷ್ಟು ವರ್ಷ ಒಲೆಯ ಬೂದಿ ಸುರಿದ ಗುಂಡಿ ನನಗೆ ಮರೆತುಹೋಗುತ್ತಾ? ಬಾಯಲ್ಲಿ ಹೇಳಿದ್ರೆ ನಿಮಗೆ ಕೇಳಿಸ್ತಿತ್ತಾ?"

ಅಂದು ರಾತ್ರಿ ನೆಲ ತಟ್ಟಿದವಳು ಅಮ್ಮ.