ಥರ್ಲೋ ಹೆಸರಿನ ಅಚ್ಚು

ಆ ತಾಮ್ರದ ಸೆಂಟ್ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದ್ದೇ ತಡ, ಲೊರೇನ್‌ಗೆ ಮೈಯೆಲ್ಲ ಉರಿದುಹೋಯಿತು. ಅಮೆರಿಕದ ಕನೆಕ್ಟಿಕಟ್‌ನ ಒಂದು ಸಣ್ಣ ಊರಿನ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ನಾಣ್ಯ ಸಂಗ್ರಾಹಕರ ಸಂತೆ ಸೇರಿತ್ತು. ಮೇಜಿನಾಚೆ ಮಾರಲು ಕೂತಿದ್ದವನು ವೆಂಡೆಲ್, ಈ ಹುಚ್ಚಿನಲ್ಲಿ ಅವಳಿಗೆ ಬಹುಕಾಲದ ಜೊತೆಗಾರ.

ನಾಣ್ಯದ ಮೇಲೆ ‘ಇ. ಥರ್ಲೋ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿತ್ತು. ಎಬೆನ್ ಥರ್ಲೋ ಅವಳ ಮುತ್ತಜ್ಜನ ಅಜ್ಜ, ಕೋವಿ ಮಾಡುತ್ತಿದ್ದವನು. ಅಂಗಡಿಗೆ ಬಂದ ಸೆಂಟುಗಳ ಮೇಲೆ ತನ್ನ ಹೆಸರು ಕುಟ್ಟಿ ಮತ್ತೆ ಚಲಾವಣೆಗೆ ಬಿಡುತ್ತಿದ್ದ. ಪುಕ್ಕಟೆಯಾಗಿ ಊರೂರಿಗೆ ಹೆಸರು ಹೋಗುತ್ತಿತ್ತು. ಅಂಥವು ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಅವನ್ನು ಹುಡುಕುವುದರಲ್ಲೇ ಲೊರೇನ್‌ಳ ಅರ್ಧ ಆಯುಷ್ಯ ಕಳೆದಿತ್ತು. ಹೆಸರು ಕುಟ್ಟುತ್ತಿದ್ದ ಉಕ್ಕಿನ ಅಚ್ಚು ಮಾತ್ರ ಮನೆತನದಲ್ಲೇ ಉಳಿದು ಅವಳ ಕೈಗೆ ಬಂದಿತ್ತು. ಸಂಗ್ರಾಹಕರ ಸಂಘದ ಪತ್ರಿಕೆಗೆ ಫೋಟೊ ತೆಗೆಯುತ್ತೇನೆಂದು ಚಳಿಗಾಲದಲ್ಲಿ ಅದನ್ನು ಒಯ್ದ ವೆಂಡೆಲ್ ಇನ್ನೂ ವಾಪಸು ಕೊಟ್ಟಿರಲಿಲ್ಲ.

“ಇದೆಲ್ಲಿ ಸಿಕ್ತು?” ಎಂದಳು ಲೊರೇನ್.

“ಯಾವುದೋ ಹಳೇ ಮನೆ ಹರಾಜಲ್ಲಿ. ನಿನಗೇ ಅಂತ ಎತ್ತಿಟ್ಟಿದ್ದೆ.”

“ಆರ್ ಅಕ್ಷರದ ಕಾಲು ಮುರಿದಿದೆಯಲ್ಲ.”

“ಹಳೇ ಅಚ್ಚು ಮಾರಾಯ್ತಿ, ಮುರಿದಿರುತ್ತೆ.”

“ಅದು ಮುರಿದಿದ್ದು ಹೋದ ವರ್ಷ. ನಮ್ಮ ಗ್ಯಾರೇಜಲ್ಲಿ, ನನ್ನ ಕೈಯಿಂದಲೇ ಬಿದ್ದು.”

ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. ಆದರೂ ಭಂಡನಿಗೆ ನಾಚಿಕೆ ಎಲ್ಲಿಂದ ಬರಬೇಕು? “ಅಚ್ಚು ಅದೇ, ಸೆಂಟೂ ಆ ಕಾಲದ್ದೇ, ಹೆಸರೂ ನಿಮ್ಮಜ್ಜಂದೇ. ಇದ್ರಲ್ಲಿ ಸುಳ್ಳೇನು ಬಂತು?” ಎಂದು ದನಿ ತಗ್ಗಿಸಿದ.

“ಕುಟ್ಟಿದ ಕೈ ನಿಂದಲ್ವೇನೋ, ಕಳ್ಳ. ಇನ್ನೆಷ್ಟು ಜನರಿಗೆ ಟೋಪಿ ಹಾಕಿದ್ದೀಯ? ತೆಗಿ, ಅಚ್ಚು ತೆಗಿ.”

ಅವನು ಚೀಲದಿಂದ ತೆಗೆದುಕೊಟ್ಟ. ಲೊರೇನ್ ಅದನ್ನು ಮನೆಗೆ ಒಯ್ದು ಬೀಗ ಹಾಕಿಡಬಹುದಿತ್ತು. ಆದರೆ ತಾನು ಸತ್ತ ಮೇಲೆ ಇದು ಇನ್ಯಾವ ವೆಂಡೆಲ್‌ನ ಪಾಲಾಗುತ್ತದೋ ಎಂದುಕೊಂಡಳು. ಹಾಲ್‌ನ ಹಿಂದೆ ಠಾಣೆಯವರು ಕೊಡಲಿ ಮಸೆಯುವ ಸಾಣೆಯಂತ್ರವಿತ್ತು. ನೇರ ಅಲ್ಲಿಗೆ ಹೋಗಿ ಗುಂಡಿ ಒತ್ತಿದಳು.

“ತಲೆ ಕೆಟ್ಟಿದೆಯಾ ನಿನಗೆ?” ವೆಂಡೆಲ್ ಹಿಂದೆಯೇ ಓಡಿಬಂದ. “ನಿಮ್ಮಜ್ಜ ಬಳಸಿದ ಹತಾರ ಅಂತ ಉಳಿದಿರೋದು ಅದೊಂದೇ ಅಲ್ವಾ.”

“ನನಗೆ ಗೊತ್ತಿಲ್ವಾ?”

ಕಿಡಿ ಹಾರಿತು. ಎಬೆನ್ ಥರ್ಲೋನ ಹೆಸರು ನೋಡನೋಡುತ್ತಲೇ ಸವೆದು ನುಣ್ಣಗಾಯಿತು. ಕಣ್ಣೀರು ಸುರಿಯುತ್ತಿದ್ದರೂ ಅವಳು ಒರೆಸಿಕೊಳ್ಳಲಿಲ್ಲ. ಇನ್ನೂ ಬಿಸಿಯಾಗಿದ್ದ ಆ ಉಕ್ಕಿನ ತುಂಡನ್ನು ಅವನ ಅಂಗೈಗೆ ತುರುಕಿದಳು.

“ತಗೋ. ಈಗ ಯಾರ ಹೆಸರು ಕುಟ್ತೀಯೋ ಕುಟ್ಟು.”