ಏಳನೇ ಫೋಟೊ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಬಾಯಿ ಬಿಡಿಸುವುದು ಬೇಡ.

ನಮ್ಮ ಕಡಲತಡಿಯ ಊರು ಸ್ಪ್ರೂಸ್ ಕೋವ್‌ನಲ್ಲಿ ಪ್ರತಿ ಜುಲೈನಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೋಟುಗಳ ಓಟದ ಪಂದ್ಯ ನಡೆಯುತ್ತದೆ. ಗೆಲುವಿನ ಗೆರೆಯ ಹತ್ತಿರ ನಿಂತು ಫೋಟೊ ತೆಗೆಯುವವಳು ನಾನು, ಇಪ್ಪತ್ತೆರಡು ವರ್ಷದಿಂದ. ಯಾವ ಬೋಟಿನ ಮೂತಿ ಮೊದಲು ದಾಟಿತು ಎಂದು ಜಗಳವಾದರೆ ನನ್ನ ಕ್ಯಾಮೆರಾ ಹೇಳಿದ್ದೇ ತೀರ್ಪು. ಈ ಸಲ ಕೊನೆಯ ಓಟಕ್ಕೆ ಉಳಿದದ್ದು ಎರಡೇ ಬೋಟು. ಹಸಿರು ಬಣ್ಣದ್ದು ನನ್ನ ಗಂಡ ಗೇಲನ್‌ನದು, ಕೆಂಪು ನನ್ನ ಮಗಳು ಟೆಸ್‌ಳದು. ಎರಡೂ ಒಂದೇ ಅಚ್ಚಿನಲ್ಲಿ ತೆಗೆದವು. ಬಣ್ಣ ಬಿಟ್ಟರೆ ತದ್ರೂಪು.

ಗೇಲನ್ ಮೂವತ್ತೊಂದು ವರ್ಷ ಓಡಿಸಿದ್ದಾನೆ, ಒಮ್ಮೆಯೂ ಮೊದಲು ಬಂದಿಲ್ಲ. ಬಲಗಾಲಿನ ಮಂಡಿ ಕೈಕೊಟ್ಟಿದೆ. ಈ ಚಳಿಗಾಲಕ್ಕೆ ಕಡಲಿನಲ್ಲಿ ಇಟ್ಟ ಬೋನುಗಳನ್ನೆಲ್ಲ ಮೇಲೆಳೆದು ಬೋಟು ಮಾರುತ್ತಾನೆ. ಅಂದರೆ ಇದೇ ಕೊನೆಯ ಅವಕಾಶ. ಹಿಂದಿನ ವಾರ ಪೂರ್ತಿ ಬೋಟಿನ ತಳ ಉಜ್ಜಿದ್ದೇ ಉಜ್ಜಿದ್ದು. ನನ್ನ ಬೆನ್ನನ್ನು ಅವನು ಯಾವತ್ತೂ ಅಷ್ಟು ಆಸ್ಥೆಯಿಂದ ಉಜ್ಜಿದವನಲ್ಲ.

ನಮ್ಮ ಕಡೆ ಹಳಬರು ಬೋಟು ತಿರುಗಿಸುವುದಾದರೆ ಬಲಕ್ಕೇ, ಸೂರ್ಯ ಹೋಗುವ ದಿಕ್ಕಿಗೇ. ಎಡಕ್ಕೆ ತಿರುಗಿದರೆ ಕಡಲಿಗೆ ಆಗದು ಎಂದು ನಂಬಿಕೆ. ಪಂದ್ಯದ ಗೆರೆ ದಾಟಿದ ಮೇಲೆ ಬೋಟು ಕಟ್ಟುವ ಧಕ್ಕೆ ಇರುವುದು ಎಡಗಡೆ. ಎಲ್ಲರೂ ಎಡಕ್ಕೆ ಹೊರಳಿ ಎರಡು ನಿಮಿಷದಲ್ಲಿ ದಡ ಸೇರಿದರೆ, ನಮ್ಮ ಗೇಲನ್ ಬಲಕ್ಕೆ ಒಂದು ದೊಡ್ಡ ಸುತ್ತು ಹಾಕಿಕೊಂಡು, ಎಲ್ಲರ ಕಾಫಿ ಮುಗಿದ ಮೇಲೆ ಬರುತ್ತಾನೆ. ಆ ದಿನ ಬೆಳಿಗ್ಗೆ ತಿಂಡಿಗೆ ಕೂತಾಗಲೂ ಅದೇ ಮಾತು.

“ಅಪ್ಪಾ, ನೀನು ಯಾವ ಕಡೆ ತಿರುಗಿದೆ ಅಂತ ನೋಡ್ತಾ ಕೂರೋಕೆ ಸೂರ್ಯನಿಗೆ ಬೇರೆ ಕೆಲಸ ಇಲ್ವಾ?” ಎಂದಳು ಟೆಸ್.

“ನಗು, ನಗು. ಒಬ್ಬಳೇ ಕಡಲಿಗೆ ಹೋಗೋಳು ನೀನು. ನಾನು ಹೇಳಿಕೊಟ್ಟಿದ್ದರಲ್ಲಿ ಒಂದಾದ್ರೂ ತಲೇಲಿ ಉಳಿದಿದ್ಯಾ?”

“ಬೆಣ್ಣೆ ಈ ಕಡೆ ತಳ್ಳು.”

ಅವನು ಬೆಣ್ಣೆ ತಳ್ಳಿದ. ಮಗಳು ಒಬ್ಬಳೇ ಹೋಗುವ ದಿನಗಳಲ್ಲಿ ಅವನಿಗೆ ಊಟ ಸೇರುವುದಿಲ್ಲ. ಬೋಟು ಮಾರಿದ ಮೇಲೆ ಅವಳ ಬೋಟಿನ ಹಿಂದೆ ಇವನ ಬೋಟೂ ಇರುವುದಿಲ್ಲ.

ಮಂಜು ಕರಗುವಷ್ಟರಲ್ಲಿ ಮಧ್ಯಾಹ್ನವಾಗಿ, ಕೊನೆಯ ಓಟ ಶುರುವಾದಾಗ ಐದು ದಾಟಿತ್ತು. ಸೂರ್ಯ ಇಳಿದು ನನ್ನ ಎದುರಿಗೇ ಬಂದು ಕೂತಿದ್ದ. ಪಂದ್ಯದ ಯಜಮಾನ ಹಾರ್ಲನ್ ಹೇಳಿದ, “ನೆಟ್ಟಿ, ಗೆರೆಯ ಆ ತುದಿಗೆ ಹೋಗು. ಇಲ್ಲಿಂದ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತೆ.”

“ನೀನು ಬಾವುಟ ನೋಡ್ಕೊ ಹಾರ್ಲನ್. ಫೋಟೊ ನನಗೆ ಬಿಡು,” ಎಂದೆ. ಇಪ್ಪತ್ತೆರಡು ವರ್ಷದ ಜಂಬ.

ಎರಡೂ ಬೋಟುಗಳು ನೀರು ಸೀಳುತ್ತ ಬಂದವು. ಕಡಲೆಲ್ಲ ಬಿಸಿಲಿಗೆ ಹಿಡಿದ ತಗಡಿನ ಹಾಗಿತ್ತು. ಕಣ್ಣು ಕಿರಿದು ಮಾಡಿ ಏಳು ಫೋಟೊ ಹೊಡೆದೆ. ಹಾರ್ಲನ್ ಕಣ್ಣುಜ್ಜಿಕೊಳ್ಳುತ್ತ, “ಯಾರು ಬಂದರು?” ಎಂದು ನನ್ನನ್ನೇ ಕೇಳಿದ. ಧಕ್ಕೆಯ ಮೇಲಿದ್ದವರ ಕಣ್ಣಿಗೂ ಅದೇ ಬಿಸಿಲು ಹೊಡೆದಿತ್ತು.

ಬೋಟುಗಳು ದಡಕ್ಕೆ ಬರುವುದನ್ನೂ ನೋಡದೆ ಎಲ್ಲರೂ ಮೀನಿನ ಶೆಡ್ಡಿಗೆ ನುಗ್ಗಿದರು. ಗೇಲನ್, ಟೆಸ್ ಬಂದು ಸೇರಿದ ಮೇಲೆ ಅಲ್ಲಿನ ಟಿವಿಗೆ ಫೋಟೊ ಹಾಕಿದೆವು. ಮೂರನೆಯದರಲ್ಲಿ ಒಂದು ಬೋಟು ಮೊಳದಷ್ಟು ಮುಂದಿತ್ತು, ಸ್ಪಷ್ಟವಾಗಿಯೇ ಇತ್ತು. ಆದರೆ ನೀರಿನ ಹೊಳಪಿಗೆ ಎರಡೂ ಕಪ್ಪು ಕಪ್ಪು. ಹಸಿರೂ ಇಲ್ಲ, ಕೆಂಪೂ ಇಲ್ಲ.

“ನಾನೇ,” ಎಂದ ಗೇಲನ್.

“ನಾನೇ,” ಎಂದಳು ಟೆಸ್.

“ನೆಟ್ಟಿ, ಕ್ಯಾಮೆರಾಕ್ಕೆ ಇದ್ದಿಲು ತುಂಬಿದ್ಯಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಹಾರ್ಲನ್ ಚಪ್ಪಾಳೆ ತಟ್ಟಿದ. “ಅಯ್ಯೋ, ಸುಲಭ! ಗೇಲನ್ ಹುಟ್ಟಿದ ಮೇಲೆ ಎಡಕ್ಕೆ ತಿರುಗಿಲ್ಲ. ಟೆಸ್ ಎಡಕ್ಕೇ ತಿರುಗೋದು. ಮುಂದಿನ ಫೋಟೊಗಳನ್ನ ಹಾಕು, ಯಾವುದು ಯಾರದು ಅಂತ ಗೊತ್ತಾಗುತ್ತೆ.”

“ಅದೆಲ್ಲ ಯಾಕೆ?” ಎಂದಳು ಟೆಸ್ ತಟ್ಟನೆ. “ಅಪ್ಪನೇ ಗೆದ್ದ ಅಂತ ಬರ್ಕೊ.”

ಇದ್ದಕ್ಕಿದ್ದಂತೆ ಇವಳಿಗೇನಾಯಿತು ಎಂದುಕೊಳ್ಳುತ್ತಲೇ ಏಳನೆಯದನ್ನು ಹಾಕಿದೆ. ಮುಂದಿನ ಬೋಟು ಬಲಕ್ಕೆ ತಿರುಗುತ್ತಿತ್ತು. ಹಿಂದಿನದೂ ಬಲಕ್ಕೇ ತಿರುಗುತ್ತಿತ್ತು. ಎರಡೂ ಸೂರ್ಯನ ಜೊತೆಗೆ, ಒಂದರ ಬೆನ್ನಿಗೆ ಒಂದು.

ಟೆಸ್ ಕಿವಿಯವರೆಗೂ ಕೆಂಪಾದಳು.

“ಯಾವತ್ತಿಂದ?” ಎಂದು ಕೇಳಿದ ಗೇಲನ್.

“ಬೋಟು ತಗೊಂಡ ದಿನದಿಂದ. ನೀನು ನೋಡ್ತಿದ್ರೆ ಎಡಕ್ಕೆ. ಒಬ್ಬಳೇ ಇದ್ರೆ… ಒಬ್ಬಳೇ ಇದ್ದಾಗ ಅಲ್ವಾ ಬೇಕಾಗೋದು? ಇವತ್ತು ಓಡಿಸೋ ಭರದಲ್ಲಿ ಮರೆತೇ ಹೋಯ್ತು. ಸಾಕಾ? ಈಗ ನಗು.”

ಅವನು ನಗಲಿಲ್ಲ. ಟಿವಿಯನ್ನೇ ನೋಡುತ್ತ ನಿಂತ. ನಾನಷ್ಟರಲ್ಲಿ ಮೂರನೇ ಫೋಟೊವನ್ನು ಮತ್ತೆ ಹಾಕಿದ್ದೆ. ಮುಂದಿನ ಬೋಟಿನ ಚುಕ್ಕಾಣಿಯ ಹತ್ತಿರ ಒಂದು ಕಪ್ಪು ಆಕೃತಿ, ಎಡಗಾಲಿಗೆ ಭಾರ ಹಾಕಿ ಸೊಟ್ಟಗೆ ನಿಂತಿದೆ. ಮಂಡಿ ಕೈಕೊಟ್ಟ ಮೇಲೆ ನಾನು ದಿನವೂ ನೋಡುವ ಸೊಟ್ಟು. “ಹಾರ್ಲನ್, ಇದು…” ಎಂದು ಬಾಯಿ ತೆರೆದೆ. ಗೇಲನ್ ನನ್ನ ಕಾಲು ತುಳಿದ, ಅದೂ ಗಟ್ಟಿ ಇರುವ ಕಾಲಿನಲ್ಲಿ.

“ಸಮ ಸಮ ಅಂತ ಬರ್ಕೊ,” ಎಂದ ಅವನು. ಹಾರ್ಲನ್ ಬರೆದುಕೊಂಡ. ಅಪ್ಪ ಮಗಳು ಬಹುಮಾನದ ಬಟ್ಟಲು ಹಿಡಿದುಕೊಳ್ಳುವ ಸರದಿಗೆ ಜಗಳವಾಡುತ್ತ ಮನೆಗೆ ಬಂದರು.

ಮಾರನೆಯ ಬೆಳಿಗ್ಗೆ ಟೆಸ್ ಒಬ್ಬಳೇ ಕಡಲಿಗೆ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ. “ಮುಂದಿದ್ದವನು ನೀನೇ. ಕಾಲು ಯಾಕೆ ತುಳಿದೆ?”

“ನಾನೇ ಮುಂದಿದ್ದೆ ಅಂತ ಗೊತ್ತು.”

“ಮೂವತ್ತೊಂದು ವರ್ಷ ಕಣೋ! ಆ ಮೂರನೇ ಫೋಟೊಗೆ ಚೌಕಟ್ಟು ಹಾಕಿಸ್ತೀನಿ, ಇರು.”

“ಅದು ಬೇಡ. ಏಳನೇದನ್ನ ದೊಡ್ಡದು ಮಾಡ್ಸು, ನೆಟ್ಟಿ,” ಎಂದು ಅವನು ಇನ್ನೆರಡು ಪ್ಯಾನ್‌ಕೇಕ್ ತಟ್ಟೆಗೆ ಹಾಕಿಕೊಂಡ. “ಇಲ್ಲೇ, ಊಟದ ಮೇಜಿನ ಎದುರಿಗೆ ಹಾಕೋಣ. ಇನ್ನು ಅವಳು ಕಡಲಲ್ಲಿರ್ತಾಳೆ, ನಾನು ಇಲ್ಲಿ ಕೂತಿರ್ತೀನಲ್ಲ.”