ಮದುವೆ ಮುಗಿಯುವವರೆಗೆ

ಬೆಳಿಗ್ಗೆ ಸೀರೆ ಉಡುವಾಗ ಲಂಗದ ಲಾಡಿ ಸಾಲುತ್ತಿರಲಿಲ್ಲ. ನಿನ್ನೆಗಿಂತ ಇವತ್ತು ತುಸು ತುದಿಗೆ ಗಂಟು ಹಾಕಬೇಕಾಗುತ್ತಿತ್ತು. ಅರ್ಧ ಚಪಾತಿಗೇ ಸಾಕೆನ್ನುತ್ತಿದ್ದ ನನಗೆ ಇದೊಂದು ಸೋಜಿಗವಾಗಿತ್ತು.

ಅದಕ್ಕೆ ಕೆಲವು ತಿಂಗಳ ಹಿಂದೆ ನನಗೆ ಅಪೆಂಡಿಕ್ಸ್ ಆಪರೇಶನ್ ಆಗಿತ್ತು. "ತೆಗೆದು ಬಿಸಾಕಿದ್ದಾರೆ, ಇನ್ನೇನೂ ಇಲ್ಲ" ಎಂದಿದ್ದರು ನಮ್ಮ ಯಜಮಾನರು. ನಂಬಿದೆ. ಮಗಳು ಯಾಮಿನಿಯ ಮದುವೆ ಗೊತ್ತಾಗಿತ್ತು. ಆ ಓಡಾಟದಲ್ಲಿ ನನ್ನ ಮೈ ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಧಾರೆಯ ದಿನ ಲಾಡಿಗೆ ಇನ್ನೊಂದು ತುಂಡು ಸೇರಿಸಿ ಕಟ್ಟಿಕೊಂಡೆ. "ಬೀಗಿತ್ತಿಗೆ ಮದುವೆ ಊಟ ಚೆನ್ನಾಗಿ ಹಿಡಿದಿದೆ" ಎಂದು ಗಂಡಿನ ಕಡೆಯ ಹೆಂಗಸರು ನಕ್ಕರು. ನಾನೂ ನಕ್ಕೆ. ಹಸೆಮಣೆಯ ಮೇಲಿದ್ದ ಯಾಮಿನಿ ತಲೆ ತಗ್ಗಿಸಿದಳು. ಮದುಮಗಳ ನಾಚಿಕೆ ಎಂದುಕೊಂಡೆ.

ಮದುವೆ ಮುಗಿದ ವಾರಕ್ಕೆ ಯಜಮಾನರೇ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕೇಳಿದರು: "ಅಪೆಂಡಿಕ್ಸ್‌ನಲ್ಲಿ ಕ್ಯಾನ್ಸರ್ ಇತ್ತು ಅಂತ ಅವತ್ತೇ ಹೇಳಿದ್ರಂತಲ್ಲಮ್ಮಾ. ಇಷ್ಟು ದಿನ ಯಾಕೆ ಬರಲಿಲ್ಲ?"

ಅಲ್ಲಿಗೂ ಕ್ಯಾನ್ಸರ್ ಬರುತ್ತದೆಂದು ನಾನು ಕೇಳಿಯೇ ಇರಲಿಲ್ಲ. "ಯಾರಿಗೆ ಹೇಳಿದ್ರು?" ಎಂದೆ.

ಯಜಮಾನರು ನೆಲ ನೋಡಿದರು. "ಮದುವೆ ಒಂದು ಮುಗೀಲಿ ಅಂತ... ನೀನು ಹಾಸಿಗೆ ಹಿಡಿದ್ರೆ ಬೀಗರು ಏನಂದ್ಕೊಳ್ತಿದ್ರು ಹೇಳು?"

"ಯಾಮಿನಿಗೆ ಗೊತ್ತಿತ್ತಾ?"

ಅವರು ಸ್ಕ್ಯಾನ್ ಹಾಳೆಗಳನ್ನು ಲಕೋಟೆಗೆ ತುಂಬತೊಡಗಿದರು.

ತೀರ ಅಪರೂಪದ ಕಾಯಿಲೆಯಂತೆ. ಒಡೆದ ಗಡ್ಡೆಯಿಂದ ಲೋಳೆ ಸೋರಿ ಹೊಟ್ಟೆಯೊಳಗೆಲ್ಲ ಹರಡಿತ್ತು. ಆಗಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಹೊಟ್ಟೆ ಪೂರ್ತಿ ತೆರೆದು, ಲೋಳೆಯನ್ನು ತೆಗೆದು, ಬಿಸಿ ಔಷಧಿಯಿಂದ ಒಳಗೆಲ್ಲ ತೊಳೆದರು. ಕರುಳಿನ ಒಂದು ಭಾಗವೂ ಹೋಯಿತು. ನಾನು ಉಳಿದೆ.

ನೋಡಲು ಬಂದ ಯಾಮಿನಿ ಮಂಚದ ಪಕ್ಕ ನಿಂತು ಬಿಕ್ಕಿದಳು. "ಅಪ್ಪ ಆಣೆ ಹಾಕಿಸ್ಕೊಂಡಿದ್ರಮ್ಮಾ."

"ಧಾರೆ ನೀರು ಬಿಟ್ಟಿದ್ದು ನಾನೇ ಕಣೇ. ಅಷ್ಟು ಹತ್ರ ಇದ್ದೆ. ಆಗಲಾದ್ರೂ ಹೇಳ್ಬೇಕು ಅನಿಸಲಿಲ್ವಾ?"

ಅವಳ ಕಣ್ಣೊರೆಸಲು ನನ್ನ ಕೈ ಏಳಲಿಲ್ಲ. ಎಷ್ಟೋ ಕಾಲ ಏಳಲಿಲ್ಲ.

ಮುಂದಿನ ತಪಾಸಣೆಗೆ ಹೋದಾಗ ಯಜಮಾನರು ಎಂದಿನಂತೆ ನನಗಿಂತ ಮುಂದಾಗಿ ಕುರ್ಚಿ ಎಳೆದುಕೊಂಡರು.

"ನೀವು ಹೊರಗಿರಿ" ಎಂದೆ.

ಒಂದು ಗಳಿಗೆ ನನ್ನ ಮುಖ ನೋಡಿ ಹೊರಟರು. ಬಾಗಿಲನ್ನೂ ಅವರೇ ಎಳೆದುಕೊಂಡರು. ಡಾಕ್ಟರಮ್ಮ ಮಾತು ಶುರುಮಾಡಿದರು. ಬಾಗಿಲಿನ ಮಂಜುಗಾಜಿನ ಆಚೆ ಯಜಮಾನರ ನೆರಳು ಕೂರದೆ ನಿಂತೇ ಇತ್ತು.